ಚರಂಡಿಯ ನಕ್ಷೆ

ಹಾಲಿನಿಂದ ಹೊಳೆ ಸಾಯುತ್ತದೆ ಅಂದರೆ
ನನ್ನಮ್ಮ ನಂಬಲಿಲ್ಲ.
ವಿಷವಾದರೆ ಸರಿ, ಡೀಸೆಲ್ಲಾದರೂ ಸರಿ,
ಕೂಸಿಗೆ ಕುಡಿಸುವುದು ಮೀನಿಗೇನು ಮಾಡೀತು?

ಉಸಿರು ಕಟ್ಟಿಸುತ್ತದಮ್ಮ.
ಹುಳಿಯುವ ಹಾಲಿಗೆ ಹಸಿವು ಹೆಚ್ಚು,
ನೀರೊಳಗಿನ ಗಾಳಿಯನ್ನೆಲ್ಲ ತಿಂದು ಮುಗಿಸುತ್ತದೆ.
ಒಂದೇ ಒಂದು ಟ್ಯಾಂಕರು ಮಗುಚಿದರೆ
ಗರ್ವೆನ್ ಹೊಳೆ ಒಂದು ಮಧ್ಯಾಹ್ನ ಬೆಳ್ಳಗೆ ಹರಿದು
ಮೂರನೆಯ ದಿನ
ಸೀವಿನ್ ಮೀನುಗಳನ್ನು ಹೊಟ್ಟೆ ಮೇಲಾಗಿ
ದಡಕ್ಕೆ ಒಪ್ಪಿಸುತ್ತದೆ.

ವೇಲ್ಸಿನ ಈ ಮೂಲೆಯಲ್ಲಿ ಹೆಸರಿಗೆ ಕಸುಬು ಅಂಟುತ್ತದೆ:
ರೊಟ್ಟಿ ಎಮ್ಲಿನ್, ಅಂಚೆ ಬ್ರಿನ್‌ಮೋರ್.
ಹಾಲಿನ ಕಾರ್ಖಾನೆಗೆ ಬಂದ ಎರಡನೇ ವಾರಕ್ಕೇ ನಾನು
ಚರಂಡಿ ಹೈಲ್ವೆನ್.
ಗುರುತಿನ ಚೀಟಿಯಲ್ಲಿ ಏನೇನೋ ದೊಡ್ಡದಿದೆ, ಯಾರೂ ಓದುವುದಿಲ್ಲ.

ಬಣ್ಣದ ಡಬ್ಬ ಹಿಡಿದು ಅಂಗಳವೆಲ್ಲ ಮಂಡಿಯೂರಿದೆ.
ಮಳೆನೀರು ನೇರ ಹೊಳೆಗಿಳಿಯುವ ಮುಚ್ಚಳಕ್ಕೆ ನೀಲಿ,
ಕೊಳೆನೀರು ಶುದ್ಧೀಕರಣಕ್ಕೆ ಹೋಗುವುದಕ್ಕೆ ಕೆಂಪು.
ಇಪ್ಪತ್ತಾರು ನೀಲಿ, ಹದಿನೇಳು ಕೆಂಪು.
ಟ್ಯಾಂಕರು ನಿಲ್ಲುವಲ್ಲಿ ಹಳದಿ ಪೆಟ್ಟಿಗೆ:
ಹೀರುವ ದಿಂಬು, ಮೋರಿಗೆ ಹಾಸುವ ರಬ್ಬರ್ ಚಾಪೆ,
ಕೈಗವಸು ನಾಲ್ಕು, ನಾಲ್ಕೂ ಎಡಗೈಯವು,
ಬಲಗೈಯವನ್ನು ಯಾರೋ ತೋಟದ ಕೆಲಸಕ್ಕೆ ಒಯ್ದಿದ್ದಾರೆ.

ಹೊಳೆಬಾಯಿಯ ಕವಾಟ ತುಕ್ಕು ಹಿಡಿದು
ದೇವರಾಣೆಗೂ ತಿರುಗುತ್ತಿರಲಿಲ್ಲ.
ಎಣ್ಣೆ ಹಾಕಿ, ಬೈದು, ಮತ್ತೆ ಎಣ್ಣೆ ಹಾಕಿ
ಈಗ ಹತ್ತೊಂಬತ್ತು ಸುತ್ತು, ಐವತ್ತು ಸೆಕೆಂಡು.
ಮೊದಲ ಅಣಕು ಕಾರ್ಯಾಚರಣೆಯ ದಿನ
ಅದರ ಕೀಲಿ ಮ್ಯಾನೇಜರನ ಕಾರಿನಲ್ಲಿತ್ತು,
ಕಾರು ಕಾರ್ಡಿಫ್‌ನಲ್ಲಿತ್ತು.
ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದೆವು.

ನಕ್ಷೆ ಮಾತ್ರ ಅಚ್ಚುಕಟ್ಟು, ಪ್ಲಾಸ್ಟಿಕ್ ಹೊದಿಸಿದ್ದು.
ಕ್ಯಾನು ತೊಳೆಯುವ ಇದ್ವಾಲ್, ನಿವೃತ್ತಿಗೆ ಏಳು ವಾರ ಉಳಿದವನು,
ಅದನ್ನು ತಲೆಕೆಳಗು ಹಿಡಿದು ನೋಡಿ ಅಂದ:
"ಹಳೇ ತೊಳೆಮನೆಯ ಕೆಳಗಿನದು ಇದರಲ್ಲಿಲ್ಲವಲ್ಲ.
ನಮ್ಮಪ್ಪ ಅಗೆದದ್ದು. ಹಿಮ ಬಿದ್ದಿತ್ತು,
ಅರ್ಧ ದಿನದ ಕೂಲಿ ಮುರಿದುಕೊಂಡಿದ್ದರು."
ಮೂವತ್ತೆಂಟು ವರ್ಷ ಯಾಕೆ ಹೇಳಲಿಲ್ಲ?
"ಯಾರು ಕೇಳಿದರು?"

ಹೊಳೆ ಕಾಯುವ ಕಚೇರಿಗೆ ಮೊದಲೇ ತಿಳಿಸಿ
ನನ್ನ ಹನ್ನೊಂದನೇ ಕೆಂಪು ಮುಚ್ಚಳ ಎತ್ತಿ
ಒಂದು ಚಿಟಿಕೆ ಹಸಿರು ಪುಡಿ, ಎರಡು ಬಕೆಟ್ಟು ನೀರು.
ಶುದ್ಧೀಕರಣದ ತೊಟ್ಟಿಯ ಹತ್ತಿರ ಒಬ್ಬ ಹುಡುಗ,
ಹೊಳೆದಡದಲ್ಲಿ ನಾನು, ನಡುವೆ ವಾಕಿಟಾಕಿ.
ಬಂತಾ? ಇಲ್ಲ.
ಬಂತಾ? ಇಲ್ಲ.
ಏಳನೇ ನಿಮಿಷಕ್ಕೆ ಜೊಂಡಿನ ಸಂದಿಯಿಂದ,
ಯಾರೂ ಕಂಡಿರದ ಒಂದು ಕಲ್ಲುಬಾಯಿಯಿಂದ
ಎಳೆ ಹುಲ್ಲೂ ನಾಚುವಂಥ ಹಸಿರು
ಮೆಲ್ಲಗೆ, ಯಾವ ಅವಸರವೂ ಇಲ್ಲದೆ
ನನ್ನ ಬೂಟಿನ ತನಕ ಬಂತು.

ಕೆಂಪೆಂದು ಬಳಿದವಳು ನಾನೇ.
ಆ ಕೆಂಪನ್ನು ನಂಬಿ ಯಾರಾದರೂ
ಪೈಪು ತೊಳೆದ ಆಸಿಡ್ಡು ಸುರಿದಿದ್ದರೆ
ನನ್ನ ಕುಂಚಕ್ಕೂ ಪಾಲು ಬರುತ್ತಿತ್ತು.
ಹುಡುಗ ಇನ್ನೂ ಕೇಳುತ್ತಲೇ ಇದ್ದ, ಬಂತಾ, ಬಂತಾ?
ಗುಂಡಿ ಒತ್ತಲು ನನಗೆ ಹೆಬ್ಬೆರಳೇ ಸಿಗಲಿಲ್ಲ.

ಮರುವಾರ ಕಾಂಕ್ರೀಟು ತುಂಬಿ ಆ ಬಾಯಿ ಮುಚ್ಚಿಸಿದೆವು.
ಹೊಸ ನಕ್ಷೆಯಲ್ಲಿ ಅಲ್ಲೊಂದು ಅಡ್ಡಗೆರೆ,
ಪಕ್ಕದಲ್ಲಿ ಪೆನ್ಸಿಲಿನಿಂದ ಅಗೆದವನ ಹೆಸರು.
ನಿಯಮದಲ್ಲಿ ಅದಕ್ಕೆ ಜಾಗವಿಲ್ಲ, ಅಂಚಿನಲ್ಲಿತ್ತು.

ನಿನ್ನೆ ಇದ್ವಾಲನ ಕೊನೆಯ ಪಾಳಿ.
ಕೇಕು ಕತ್ತರಿಸಿದರು, ಭಾಷಣ ಉದ್ದವಾಯಿತು,
ಅವನ ಕಪ್ಪಿನಲ್ಲಿ ಹಾಲು ಹಾಕಿದ ಚಹಾ ಕೆನೆಗಟ್ಟಿತು.
ಹೊರಬಂದು ಚೆಲ್ಲಲೆಂದು ಬಗ್ಗಿದ,
ಕಾಲಬಳಿ ನೀಲಿ.
ನಿಂತ.
ಮಳೆ ಹನಿಯುತ್ತಿತ್ತು, ಬಸ್ಸಿಗೆ ಹೊತ್ತಾಗಿತ್ತು.
ಆರಿದ ಅರ್ಧ ಕಪ್ಪು ಹಿಡಿದುಕೊಂಡು
ಅಂಗಳದಾಚೆಯ ಕೆಂಪಿನ ಕಡೆಗೆ
ಅವನು ನಡೆದು ಹೋಗುವುದನ್ನು
ಕಿಟಕಿಯಿಂದ ನೋಡಿದೆ,
ಕೊಡೆಯಿಲ್ಲದೆ, ಒಂದು ತೊಟ್ಟೂ ತುಳುಕಿಸದೆ.